ಎಲ್ಲವನ್ನೂ ಕಳಿಸು

“ಎಲ್ಲಾ ಕಳಿಸ್ಬಿಟ್ಟೆ ಅಣ್ಣಾ, ಒಂದೂ ಬಾಕಿ ಇಲ್ಲ,” ಎಂದಳು ಪಕ್ಕದ ಮೇಜಿನಾಕೆ, ಶಭಾಷ್ ಅನ್ನಿಸಿಕೊಳ್ಳಲು ಕಾದಿದ್ದವಳಂತೆ. ಆಫೀಸಿನಲ್ಲಿ ಎಲ್ಲರೂ ‘ಪತ್ರದಣ್ಣ’ ಎಂದು ಕರೆಯುತ್ತಿದ್ದವನ ಬಾಯಲ್ಲಿ ಆಗ ಹತ್ತಿ ತುಂಬಿತ್ತು. ಒಂದು ಗಂಟೆಯ ಹಿಂದಷ್ಟೇ ದಂತವೈದ್ಯರು ಅವನ ದವಡೆಹಲ್ಲು ಕಿತ್ತಿದ್ದರು. ಹಾಗಾಗಿ ಎದೆಯಿಂದ ಎದ್ದ ಕೂಗು “ಊಂ?” ಎಂದಷ್ಟೇ ಹೊರಬಿತ್ತು.

ಲಿಫ್ಟ್ ದುರಸ್ತಿ ಕಂಪನಿಯ ದೂರು ವಿಭಾಗದಲ್ಲಿ ಉತ್ತರ ಬರೆಯುವುದು ಅವನ ಕೆಲಸ. ಬರೆದ ಇಮೇಲೆಲ್ಲ ಮೊದಲು ಕಂಪ್ಯೂಟರಿನಲ್ಲಿ ಕರಡಾಗಿ ಕೂರುತ್ತಿತ್ತು. ಸಾಹೇಬರು ಓದಿ ತಲೆಯಾಡಿಸಿದ ಮೇಲೆ ಸಂಜೆ ನಾಲ್ಕಕ್ಕೆ ಒಂದೊಂದಕ್ಕೇ ಗುರುತು ಹಾಕಿ ಕಳಿಸುತ್ತಿದ್ದ. ‘ಎಲ್ಲವನ್ನೂ ಕಳಿಸು’ ಅನ್ನುವ ಗುಂಡಿಯೂ ಇತ್ತು. ಅದನ್ನು ಅವನು ಅಪ್ಪಿತಪ್ಪಿಯೂ ಮುಟ್ಟಿದವನಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ, ಇವತ್ತು ಹಲ್ಲುನೋವಿನ ಭರದಲ್ಲಿ ಪಕ್ಕದ ಮೇಜಿನಾಕೆಗೆ ಕೆಲಸ ಒಪ್ಪಿಸಿ ಹೋಗುವಾಗ ಅವನೂ ಹೇಳಿರಲಿಲ್ಲ.

ಹತ್ತಿಯನ್ನು ಕಸದ ಬುಟ್ಟಿಗೆ ಉಗಿದು, “ಎಷ್ಟು ಹೋದ್ವು?” ಎಂದು ಕೇಳಿದ.

“ಐವತ್ತೊಂದು. ಹದಿಮೂರು ಇವತ್ತಿನವು. ಮಿಕ್ಕ ಮೂವತ್ತೆಂಟೂ ಯಾವ್ದೋ ಒಂದೇ ವಿಳಾಸಕ್ಕೆ. ಯಾರಣ್ಣ ಆ ಗಿರಾಕಿ? ಅವರ ಲಿಫ್ಟ್ ಅಷ್ಟು ಸಲ ಕೆಟ್ಟಿತ್ತಾ?”

“ನಮ್ಮಕ್ಕ,” ಎಂದ.

ಆರು ವರ್ಷದ ಹಿಂದೆ ಭಾವ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎನ್ನುವಂತಿದ್ದಾಗ ಅಕ್ಕ ಫೋನ್ ಮಾಡಿ, “ಒಬ್ಬಳೇ ಇದೀನಿ, ಬಾರೋ” ಎಂದಿದ್ದಳು. ರಜೆ ಸಿಗುತ್ತಿಲ್ಲ ಎಂದುಬಿಟ್ಟ. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಮಣ್ಣಿಗೆ ಬಂದವರ ಮುಂದೆಲ್ಲ “ಪಾಪ, ಅವನಿಗೆ ರಜೆ ಕೊಡ್ಲಿಲ್ವಂತೆ” ಎಂದು ಅವನನ್ನು ವಹಿಸಿಕೊಂಡು ಮಾತಾಡಿದಳು. ಅವನು ರಜೆ ಕೇಳಿಯೇ ಇರಲಿಲ್ಲ. ಸಾಯುತ್ತಿರುವ ಮನುಷ್ಯನ ಮುಖ ನೋಡಲು ಹೆದರಿ, ಆ ವಾರವೆಲ್ಲ ಇದೇ ಕುರ್ಚಿಯಲ್ಲಿ ಕೂತು, ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರಿಗೆ ಕಾಗದದಲ್ಲಿ ಧೈರ್ಯ ಹೇಳುತ್ತಿದ್ದ. ಆಮೇಲೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಅವಳ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಕಡೆಗೊಂದು ದಿನ ಫೋನ್ ಬರುವುದೂ ನಿಂತಿತು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ, ಮನಸ್ಸು ತಡೆಯದಿದ್ದಾಗ ಅಕ್ಕನಿಗೆ ಬರೆಯುತ್ತಿದ್ದ. ಕೆಲವು ಪುಟಗಟ್ಟಲೆ, ಕೆಲವು ನಾಲ್ಕೇ ಮಾತು. ಒಂದರಲ್ಲಂತೂ ಬರೀ ‘ಅಕ್ಕಾ’ ಎಂದಿತ್ತು. ಸುತ್ತಿ ಬಳಸಿ ಎಲ್ಲದರಲ್ಲೂ ಅದೇ: ಸುಳ್ಳು ಹೇಳಿದೆ, ಹೆದರಿಬಿಟ್ಟೆ. ಇನ್ನೊಂದು ಸಲ ಓದಿ, ತಿದ್ದಿ ಕಳಿಸೋಣವೆಂದು ಕರಡಿನಲ್ಲೇ ಇಟ್ಟವು. ಕಂಡವರ ದೂರಿಗೆಲ್ಲ ಎರಡೇ ದಿನದಲ್ಲಿ ಉತ್ತರ ಕೊಡುವ ಮಹಾನುಭಾವನಿಗೆ ಒಡಹುಟ್ಟಿದವಳ ವಿಷಯಕ್ಕೆ ಆರು ವರ್ಷ ಸಾಲಲಿಲ್ಲ.

“ವಾಪಸ್ ತರ್ಸೋಕಾಗಲ್ವಾ?” ಎಂದ.

“ಲಿಫ್ಟ್ ಆಗಿದ್ರೆ ಮಧ್ಯದಲ್ಲೇ ನಿಲ್ಲಿಸ್ಬೋದಿತ್ತು,” ಎಂದು ನಗಲು ಹೋದವಳು ಅವನ ಮುಖ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡಳು. “ಏನಾಯ್ತಣ್ಣ? ತಪ್ಪು ಮಾಡಿದ್ನಾ? ಸಾಹೇಬ್ರೇ ಆ ಗುಂಡಿ ಒತ್ತು ಅಂದ್ರು.”

ಆರಕ್ಕೆ ಆಫೀಸು ಖಾಲಿಯಾಗತೊಡಗಿತು. ಕುರ್ಚಿಗಳು ಒಂದೊಂದಾಗಿ ಮೇಜಿನ ಕೆಳಗೆ ಸರಿದವು. ಅವನು ಮಾತ್ರ ಕೂತೇ ಇದ್ದ. ಅವನನ್ನು ಬಿಟ್ಟುಹೋಗಲು ಮನಸ್ಸಾಗದೆ ಪಕ್ಕದ ಮೇಜಿನಾಕೆಯೂ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು. ಅಕ್ಕನ ಉತ್ತರ ಬಂದದ್ದು ಆಗ.

“ನೀನೇ ಓದು ತಾಯಿ, ನನ್ನ ಕೈಲಾಗಲ್ಲ.”

ಅವಳು ಬಗ್ಗಿ ಓದಿದಳು. “ತಮ್ಮ ಪತ್ರಗಳು ತಲುಪಿದವು.”

“ಮುಂದೆ?”

“ಅಷ್ಟೇ ಅಣ್ಣ.”

“‘ತಮ್ಮ ಪತ್ರಗಳು’ ಅಂತಾ? ನನಗಾ?” ಎಂದ. ಇಪ್ಪತ್ತಾರು ವರ್ಷದಿಂದ ಗುರುತು ಪರಿಚಯವಿಲ್ಲದ ದೂರುದಾರರಿಗೆಲ್ಲ ಅವನು ಬರೆದ ಮೊದಲ ಸಾಲು ಅದೇ. ಎತ್ತಿ ಆಡಿಸಿದ ಅಕ್ಕ ಇವತ್ತು ‘ನಿನ್ನ’ ಬಿಟ್ಟು, ‘ನಿಮ್ಮ’ವನ್ನೂ ದಾಟಿ, ‘ತಮ್ಮ’ ಎಂದು ಮರ್ಯಾದೆ ಕೊಟ್ಟು ಹೊರಗೆ ನಿಲ್ಲಿಸಿದ್ದಳು. ಇದಕ್ಕಿಂತ ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಒಂದ್ನಿಮಿಷ ಅಣ್ಣ,” ಎಂದಳು ಅವಳು. “ನೀವು ಆಫೀಸಿನ ಕಾಗದದ ಥರ ಅರ್ಥ ಮಾಡ್ಕೊತಿದೀರಿ. ಅಕ್ಕ ನಿಮ್ಮನ್ನ ಏನಂತ ಕರೀತಿದ್ರು?”

“ತಮ್ಮಾ ಅಂತ.”

“ಮತ್ತೆ! ‘ತಮ್ಮಾ, ಪತ್ರಗಳು ತಲುಪಿದವು’ ಅಂತ ಬರ್ದಿರ್ಬೋದಲ್ವಾ? ಒಂದು ದೀರ್ಘ, ಒಂದು ಅಲ್ಪವಿರಾಮ. ಅವಸರದಲ್ಲಿ ಬಿಟ್ಟುಹೋಗೋಕೆ ಎಷ್ಟು ಹೊತ್ತು? ಅವರ ಧ್ವನೀಲೇ ಓದಿ ನೋಡಿ, ಯಾವುದು ಅಂತ ತಾನಾಗೇ ಗೊತ್ತಾಗುತ್ತೆ.”

ಅವನು ಪರದೆಗೆ ಮುಖವಿಟ್ಟು ಮೆಲ್ಲಗೆ ಓದಿದ. ಕೇಳಿಸಿದ್ದು ತನ್ನದೇ ಒಣ ಧ್ವನಿ. ಕಣ್ಣು ಮುಚ್ಚಿ, ಸ್ವಲ್ಪ ಎಳೆದು ಇನ್ನೊಮ್ಮೆ ಅಂದ. ತುಂಡರಿಸಿ ಮತ್ತೊಮ್ಮೆ ಅಂದ. ತುಟಿ ಅಲುಗುತ್ತಲೇ ಇತ್ತು.

“ಗೊತ್ತಾಯ್ತಾ ಅಣ್ಣ?”

“ಇಲ್ಲ ತಾಯಿ,” ಎಂದ. “ಅವಳ ಧ್ವನಿ ಹೇಗಿತ್ತು ಅನ್ನೋದೇ ಮರ್ತುಹೋಗಿದೆ.”