ಹದಿನೇಳು ಹೆಂಡತಿಯರು

ಸಹನಾ ಹುಡುಕಿದ್ದು ಒಬ್ಬ ಗಂಡನನ್ನು, ಸಿಕ್ಕಿದ್ದು ಹದಿನೇಳು ಮಂದಿ.

ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳೆಲ್ಲ ಈಗ ಒಂದೇ ಜಾಲತಾಣದಲ್ಲಿವೆ, ಯಾರು ಬೇಕಾದರೂ ತೆರೆದು ಓದಬಹುದು, ಅಪ್ಪನದೂ ಬಂದಿದೆ ನೋಡು ಎಂದು ವಿಶಾಖಪಟ್ಟಣದಲ್ಲಿ ಓದುತ್ತಿದ್ದ ಮಗಳು ಬೆಳಿಗ್ಗೆಯೇ ಫೋನಿಗೆ ಲಿಂಕ್ ಕಳಿಸಿದ್ದಳು. ಭವಾನಿಪುರಂನ ಮನೆಯಲ್ಲಿ ಉಪ್ಪಿಟ್ಟಿನ ಒಲೆ ಆರಿಸಿ ಸಹನಾ ಕೂತೇಬಿಟ್ಟಳು. ಗಂಡ ರಮಾಕಾಂತ ಹುಬ್ಬಳ್ಳಿಯ ಕಡೆಯಿಂದ ಆಂಧ್ರಕ್ಕೆ ಬಂದು ನೆಲೆಸಿದ ಬ್ಯಾಂಕಿನ ಅಧಿಕಾರಿ. ಮಂಗಳಗಿರಿಯ ನೇಕಾರ ಸಂಘಗಳ ಮೇಲೆ ಅವನು ಬರೆದ ಪ್ರಬಂಧದ ಉದ್ದನೆಯ ಹೆಸರು ಅವಳಿಗೆ ಇವತ್ತಿಗೂ ಬಾಯಿಗೆ ಬಾರದು. ಬಾಯಿಪಾಠವಿದ್ದದ್ದು ಕೃತಜ್ಞತೆಯ ಪುಟದ ಒಂದೇ ಒಂದು ಇಂಗ್ಲಿಷ್ ವಾಕ್ಯ: ‘ನನಗಿಂತ ಮೊದಲು ಎದ್ದು, ನಾನು ಮಲಗಿದ ಮೇಲೆ ಮಲಗಿದ ನನ್ನ ಹೆಂಡತಿ ಇಲ್ಲದಿದ್ದರೆ ಈ ಪ್ರಬಂಧ ಮೂರನೇ ಪುಟ ದಾಟುತ್ತಿರಲಿಲ್ಲ.’ ಹೊಗಳುವುದರಲ್ಲಿ ಕಡುಜಿಪುಣನಾದ ಆ ಪುಣ್ಯಾತ್ಮ ಇಪ್ಪತ್ತೆಂಟು ವರ್ಷಗಳ ಸಂಸಾರದಲ್ಲಿ ಅವಳ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತು ಅದು. ಅದನ್ನೇ ಒತ್ತಿ ಹುಡುಕಿದಳು.

“ರೀ! ನಿಮ್ಮ ಮಾತನ್ನ ಹದಿನಾರು ಮಂದಿ ಕದ್ದಾರ್ರೀ!” ಎಂದು ಕುಣಿದಾಡಿದಳು. ಮೀನು ಸಾಕಣೆಯ ಮೇಲೆ ಬರೆದವನು, ಕಾಂಕ್ರೀಟಿನ ಮೇಲೆ ಬರೆದವನು, ಮೆಣಸಿನಕಾಯಿಯ ರೋಗದವನು, ಎಲ್ಲರೂ ಅಕ್ಷರ ಬಿಡದೆ ತಮ್ಮ ತಮ್ಮ ಹೆಂಡತಿಗೆ ಅದನ್ನೇ ಹೇಳಿದ್ದರು! ತನ್ನ ಗಂಡನ ಮಾತು ಆಂಧ್ರವನ್ನೇ ಗೆದ್ದಿತಲ್ಲ ಎಂದು ಎದೆ ಉಬ್ಬಿ ಬಂತು. ಆಮೇಲೆ ಇಸವಿಗಳ ಮೇಲೆ ಕಣ್ಣು ಹೋಯಿತು. ಒಂಬತ್ತು ಮಂದಿ ರಮಾಕಾಂತನಿಗಿಂತ ಮೊದಲೇ ಬರೆದಿದ್ದರು.

“ಹಂಗಾದ್ರ ಕದ್ದವರು ನೀವೇನ್ರೀ?”

ರಮಾಕಾಂತ ಪೇಪರಿನ ಹಿಂದಿನಿಂದ ಮುಖ ತೆಗೆಯಲಿಲ್ಲ. “ನಾ ಬರದದ್ದಲ್ಲ ಅದು. ಟೈಪ್ ಮಾಡಿದ ಶುಭಾ ಅವರು ಹಾಕ್ಯಾರ. ನೀ ಓದಿ ಅತ್ತಬಿಟ್ಟಿ. ಆಮ್ಯಾಲ ಹ್ಯಾಂಗ ಹೇಳ್ಲಿ?”

ಸಹನಾ ಉಪ್ಪಿಟ್ಟು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ, ಆಟೋ ಹತ್ತಿ ನೇರ ಊರಿನ ಹಳೆ ಪೇಟೆಯಾದ ಒನ್ ಟೌನಿಗೆ ಹೋದಳು. ಸಗಟು ಅಂಗಡಿಗಳ ಸಂದಿಯ ಮಹಡಿಯಲ್ಲಿ ಶುಭಾ ಡಿಟಿಪಿ ಸೆಂಟರ್. ಶುಭಕ್ಕನೂ ಹುಬ್ಬಳ್ಳಿಯ ಕಡೆಯವಳೇ, ರಮಾಕಾಂತನ ಸಹೋದ್ಯೋಗಿ ಜಯದೇವನ ಹೆಂಡತಿ. ಸಹನಾ ಫೋನನ್ನು ಅವಳ ಮೂಗಿಗೇ ಹಿಡಿದಳು.

ಶುಭಕ್ಕ ಕನ್ನಡಕ ಏರಿಸಿ ಪಟ್ಟಿ ನೋಡಿದಳು, ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಮ್ಮೋ! ಇದು ಹಿಂಗ ಊರಿಗೆಲ್ಲಾ ಕಾಣತದ ಅಂತ ಯಾರಿಗೆ ಗೊತ್ತಿತ್ತವಾ! ಆಗ ಲೈಬ್ರರಿ ಕಪಾಟಿನ್ಯಾಗ ಧೂಳು ತಿಂತಿತ್ತು. ಗೈಡಿಗೆ ಅರ್ಧ ಪುಟ, ಆಫೀಸಿನ ಜವಾನಗ ಸೈತ ಒಂದು ಸಾಲು, ಹೆಂಡ್ತಿ ಹೆಸರಿಲ್ಲ! ನನಗ ಹೊಟ್ಟಿ ಉರೀತಿತ್ತು. ಯಾರು ಬರದಿಲ್ಲೋ ಅವರಿಗೆ ನಾನ ಹಾಕಿ ಕೊಟ್ಟೆ. ಒಬ್ಬನೂ ತಗೀ ಅನ್ನಲಿಲ್ಲ. ಓದಿದ್ರ ತಾನ?”

“ನಮ್ಮವರೂ ಓದ್ಲಿಲ್ಲೇನ?”

“ನಿಮ್ಮವರೊಬ್ಬರ ಓದಿದ್ರು. ಹಾಳಿ ಹಿಡಕೊಂಡು ವಾಪಸ್ ಬಂದ್ರು. ‘ಇದು ನಾ ಬರದದ್ದಲ್ಲ, ಆದ್ರ ಖರೇ ಅದ, ಇರಲಿ ಬಿಡ್ರಿ’ ಅಂದು, ಕಿವಿ ಕೆಂಪು ಮಾಡ್ಕೊಂಡು ಹೋದ್ರು.”

ಸಹನಾ ಕಿಸಕ್ಕನೆ ನಕ್ಕಳು. ನಗು ನಿಲ್ಲಲೇ ಇಲ್ಲ, ಶುಭಕ್ಕನಿಗೂ ಅಂಟಿಕೊಂಡಿತು. ಕಾಂಕ್ರೀಟಿನವನ ಹೆಂಡತಿ, ಮೀನಿನವನ ಹೆಂಡತಿ, ಮೆಣಸಿನಕಾಯಿಯವನ ಹೆಂಡತಿ ಎಂದು ಒಬ್ಬೊಬ್ಬರನ್ನೇ ಎಣಿಸಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನ ಅಂಗಡಿಯವನು ಏನಾಯಿತೆಂದು ಮೆಟ್ಟಿಲೇರಿ ಬಂದು ನೋಡಿ ಹೋದ.

“ಅಲ್ಲ ಶುಭಕ್ಕ, ಜಯದೇವ ಅವರೂ ಪಿಎಚ್‌ಡಿ ಮಾಡ್ಯಾರಲ್ಲ? ಈ ಪಟ್ಟಿಯೊಳಗ ಅವರು ಕಾಣಲಿಲ್ಲ?”

“ಅವರದಕ್ಕ ನಾ ಹಾಕಲಿಲ್ಲ,” ಎಂದಳು ಶುಭಕ್ಕ, ಕಣ್ಣೊರೆಸಿಕೊಳ್ಳುತ್ತ. “ತಾವಾಗೇ ಬರೀತಾರೇನೋ ನೋಡೂಣು ಅಂತ.”

ಸಹನಾ ಆಗಲೇ ಜಯದೇವನ ಹೆಸರು ಒತ್ತಿ ಪ್ರಬಂಧ ತೆರೆದಿದ್ದಳು. ಎರಡು ಪುಟ ತುಂಬ ಕೃತಜ್ಞತೆ. ಗೈಡು, ಗೈಡಿನ ಮನೆಯವರು, ಮ್ಯಾನೇಜರು, ಜವಾನ. ಕಟ್ಟಕಡೆಯ ಸಾಲು: ‘ಅಂದವಾಗಿ ಟೈಪ್ ಮಾಡಿಕೊಟ್ಟ ಒನ್ ಟೌನಿನ ಶುಭಾ ಡಿಟಿಪಿ ಸೆಂಟರಿನವರಿಗೂ ನಾನು ಋಣಿ.’

ಶುಭಕ್ಕ ಬಗ್ಗಿ ನೋಡಿದಳು. “ಅದನ್ನೂ ನಾನ ಟೈಪ್ ಮಾಡೀನಿ ನೋಡು,” ಎಂದಳು. “ಒಂದು ಅಕ್ಷರ ತಪ್ಪಿಲ್ಲ.”