ಕಾರಿಲ್ಲದ ಸೋಮವಾರ

ಸೋಮವಾರ ಯಾರೂ ಕಾರು ತರಕೂಡದು, ಎಲ್ಲರೂ ಬಸ್ಸಿನಲ್ಲೇ ವಿಶ್ವವಿದ್ಯಾಲಯಕ್ಕೆ ಬರಬೇಕು ಎಂದು ಕುಲಪತಿಗಳು ಸಭೆಯಲ್ಲಿ ಸಾರಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಪರಿಸರ ವಿಭಾಗದ ಪ್ರೊಫೆಸರು. ಆದರೆ ಬಸ್ಸೆಂದರೆ ಅವರಿಗೆ ವಾಕರಿಕೆ. ಊರವರ ಬೆವರನ್ನೆಲ್ಲ ಇಸ್ತ್ರಿ ಮಾಡಿದ ಅಂಗಿಗೆ ಒರೆಸಿಕೊಂಡು ಬರಲು ತಾವೇನು ಕುರಿಯೇ? ಕ್ಯಾಂಪಸ್ಸಿಗೆ ಒಂದು ಸ್ಟಾಪು ಮೊದಲು, ಆಷಾಢವಾದ್ದರಿಂದ ಖಾಲಿ ಬಿದ್ದಿದ್ದ ಕಲ್ಯಾಣಮಂಟಪದಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಬಸ್ಸು ಹತ್ತಿ, ಗೇಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಳಿಯುವುದೆಂದು ತೀರ್ಮಾನಿಸಿದರು.

"ನಿಮ್ಮ ಜೊತೆಯವರು ಯಾರಾದ್ರೂ ನೋಡಿದ್ರೆ?" ಎಂದಳು ಹೆಂಡತಿ.

"ನೋಡೋಕೆ ಅವರೆಲ್ಲಿರ್ತಾರೆ ಅಲ್ಲಿ? ಆ ಪೆದ್ದರು ಮನೆಯಿಂದಲೇ ಬಸ್ಸಲ್ಲಿ ಬಾವಲಿ ಥರ ನೇತಾಡ್ಕೊಂಡು ಬರ್ತಾರೆ. ಇಷ್ಟೆಲ್ಲ ಯೋಚನೆ ಮಾಡೋ ತಲೆ ಅವರಿಗೆಲ್ಲಿದೆ?"

ಸೋಮವಾರ ಬೆಳಿಗ್ಗೆ ಮಂಟಪದ ಅಂಗಳಕ್ಕೆ ಕಾರು ತಿರುಗಿಸಿದರೆ ಒಳಗೆ ಸೈಕಲ್ ನುಗ್ಗಿಸಲೂ ಜಾಗವಿಲ್ಲ. ಗೋಡೆಯಿಂದ ಗೋಡೆಯವರೆಗೆ ಬರೀ ಕಾರುಗಳು.

"ಏನಯ್ಯಾ, ಆಷಾಢದಲ್ಲೂ ಮದುವೆ ಮಾಡ್ಕೊಳ್ತಾರಾ ಈ ದರಿದ್ರ ಜನ?" ಎಂದು ಕಾವಲುಗಾರನ ಮೇಲೆ ರೇಗಿದರು.

"ಮದುವೆ ಯಾವ್ದೂ ಇಲ್ಲ ಸಾರ್," ಎಂದ ಅವನು. "ಇವತ್ತು ಸೋಮವಾರ ಅಲ್ವಾ? ನಿಮ್ಮ ವಿ.ಸಿ. ಸಾಹೇಬ್ರೂ ಈಗ್ತಾನೆ ಕಾರು ನಿಲ್ಸಿ ಬಸ್ ಸ್ಟಾಪಿಗೆ ಹೋದ್ರು."