ಬೋಗುಣಿಯ ಸಾಕ್ಷಿ

ಅನುದಾನದ ಖರ್ಚು ಹತ್ತು ಲಕ್ಷ ದಾಟಿತೆಂದರೆ ಆ ದುಡ್ಡಿನಲ್ಲಿ ಕೊಂಡ ಸಾಮಾನಿಗೆಲ್ಲ ಬಾಯಿ ಬರುತ್ತಿತ್ತು. ಆಡಿಟರು ಬಂದು ಕೇಳಿದರೆ ಅವು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದವು. ಗದುಗಿನಲ್ಲಿ ಅಂಧ ಮಕ್ಕಳ ವಸತಿಶಾಲೆ ನಡೆಸುವ ಶಿವಲೀಲಾ ಪ್ರತಿವರ್ಷ ಮಿತಿಯ ಈಚೆಗೇ ನಿಲ್ಲುತ್ತಿದ್ದಳು. ಈ ಸಲ ಸೋರುವ ಮಾಳಿಗೆ ರಿಪೇರಿ ಮಾಡಿಸಿ ದಾಟಿಬಿಟ್ಟಿದ್ದಳು.

ಮಂಚಗಳು ಲಕ್ಷಣವಾಗಿ ಉತ್ತರ ಕೊಟ್ಟವು. ಫ್ಯಾನು ಮಾತ್ರ ತುಸು ಗೊಣಗಿತು. ಆಡಿಟರ್ ಹೊಸಕೇರಿಯವರು ಅಡುಗೆಮನೆಗೆ ಬಂದು ದೊಡ್ಡ ಬೋಗುಣಿಯ ಮುಂದೆ ಕುಳಿತರು. ಶಿವಲೀಲಾ ಒಲೆಯ ಬಳಿ ನಿಂತಳು.

“ಎಂದಾದ್ರೂ ಹೊರಗ ಹೋಗಿದ್ದೇನು?”

“ಹೋಗಿದ್ದೆರಿ. ಬಾಜೂ ಮನಿ ಹುಸೇನಬಿ ಮಗಳ ಮದಿವಿಗೆ,” ಎಂದಿತು ಬೋಗುಣಿ.

ಅನುದಾನದ ಸಾಮಾನು ಹೊಸ್ತಿಲು ದಾಟಿದರೆ ಮುಂದಿನ ವರ್ಷದ ಅನುದಾನ ನಿಂತಂತೆಯೇ.

“ಹೊಳ್ಳಿ ಬರೂವಾಗ?”

“ಖಾಲಿ ಪಾತ್ರಿ ಕೊಡಬಾರ್ದಂತ ಅಕ್ಕಿ ತುಂಬಿ ಕಳಿಸಿದ್ರು. ವಾರಗಟ್ಟಲೆ ಹುಡುಗೂರು ಅದನ್ನ ಉಂಡ್ವು.”

ಹೊಸಕೇರಿಯವರು ಪೆನ್ನಿನ ತುದಿ ಕಚ್ಚಿ ಯೋಚಿಸಿದರು. “ಹಂಗಂದ್ರ ಇದು ದುಡಿಯಾಕ ಹೋಗಿತ್ತು. ತಪ್ಪಿಲ್ಲ ಬಿಡ್ರಿ, ಅಕ್ಕಾರ.”

ಹೊಸಕೇರಿಯವರು ಎದ್ದವರು ಬಾಗಿಲಲ್ಲಿ ತಡೆದು ನಿಂತರು.

“ಮುಂದಿನ ವಾರ ನಮ್ಮ ಬಸರಿ ಸೊಸಿ ಕುಬಸ ಐತ್ರಿ. ಇಷ್ಟು ದೊಡ್ಡ ಪಾತ್ರಿ ಎಲ್ಲೂ ಸಿಗವಲ್ದು.”

ಶಿವಲೀಲಾ ಬಾಯಿ ತೆರೆಯುವ ಮೊದಲೇ ಬೋಗುಣಿ ಹೇಳಿತು: “ಖಾಲಿ ಕಳಿಸೂದಿಲ್ಲಂದ್ರ ಬರ್ತೀನ್ರಿ.”